ಯಜಮಾನನ ಮುಪ್ಪಿಗೆ ಹೊಣೆ ಯಾರು?

ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಲೇತ್ ಯಂತ್ರಗಳನ್ನಿಟ್ಟು 25 ಮಂದಿಗೆ ಕೆಲಸ ಕೊಟ್ಟಿರುವ ಯಜಮಾನನೊಬ್ಬನನ್ನು ಊಹಿಸಿಕೊಳ್ಳಿ. 1952ರಲ್ಲಿ ಮೊದಲಾದ ನೌಕರರ ಭವಿಷ್ಯನಿಧಿಯ ನಿಯಮದಂತೆ, 20 ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಯ ಒಡೆಯನು ಅವರ ಮುಪ್ಪಿಗಾಗಿ ತಿಂಗಳು ತಿಂಗಳೂ ವಂತಿಗೆ ಕಟ್ಟಬೇಕು. ಆದರೆ ಒಡೆಯನು ತನಗೆ ತಾನೇ ನೌಕರನಾಗಲಾರನಷ್ಟೆ! ಆ ನಿಧಿಯಲ್ಲಿ ಅವನಿಗೆ ಪಾಲಿಲ್ಲ. ಸಂಸ್ಥೆಯನ್ನು ಖಾಸಗಿ ಕಂಪನಿಯಾಗಿ ನೋಂದಾಯಿಸಿ, ನಿರ್ದೇಶಕನಾಗಿ ದುಡಿದು ಸಂಬಳ ಪಡೆದರೆ ಮಾತು ಬೇರೆ. ಆಗ ಅವನೂ ಸದಸ್ಯನಾಗಬಹುದು.

“ವ್ಯಾಪಾರವೇ ನನ್ನ ಪಿಂಚಣಿ” ಎನ್ನುವವರು ವಿಜಯನಗರದ ಅಂಗಡಿಬೀದಿಯಲ್ಲೂ ಉಂಟು. ಆದರೆ ಒಬ್ಬನೇ ಒಡೆಯನಾಗಿರುವ ವ್ಯಾಪಾರ ಮುಳುಗಿದರೆ, ಅದರ ಸಾಲಕ್ಕೆ ಅವನ ಸ್ವಂತ ಆಸ್ತಿಯೂ ಗುರಿಯಾಗುತ್ತದೆ. ಆದುದರಿಂದ ಮುಪ್ಪಿನ ಗಂಟು ಅಂಗಡಿಯ ಗಲ್ಲದಿಂದ ದೂರವಿರುವುದು ಲೇಸು.

1968ರ ಶಾಸನದಿಂದ ಬಂದ ಸಾರ್ವಜನಿಕ ಭವಿಷ್ಯನಿಧಿ ಇದಕ್ಕೆ ತಕ್ಕುದು. ಅಂಚೆ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಅವಧಿ 15 ವರ್ಷ. ಸಾಲ ಕೊಟ್ಟವರು ದಾವೆ ಹೂಡಿ ಗೆದ್ದರೂ ನ್ಯಾಯಾಲಯದ ಡಿಕ್ರಿಯಿಂದ ಈ ಹಣವನ್ನು ಜಪ್ತಿ ಮಾಡಿಸಲಾಗದು. 2009ರ ಮೇ 1ರಿಂದ ರಾಷ್ಟ್ರೀಯ ಪಿಂಚಣಿ ಯೋಜನೆಯೂ ಸ್ವಂತ ಉದ್ಯೋಗಿಗಳಿಗೆ ತೆರೆದಿದೆ. ಅಲ್ಲಿ ಹಣದ ಬೆಳವಣಿಗೆ ಪೇಟೆಯ ಏರಿಳಿತವನ್ನು ಅನುಸರಿಸುತ್ತದೆಂಬುದನ್ನು ಮರೆಯಬಾರದು.

ಬಸವೇಶ್ವರನಗರದ ವೈದ್ಯರಿಗೂ ಕೆಂಗೇರಿಯ ಗುತ್ತಿಗೆದಾರರಿಗೂ ನಮ್ಮ ಸಲಹೆ ಒಂದೇ: ನೌಕರರ ವಂತಿಗೆ ಕಟ್ಟುವ ದಿನವೇ ತಮ್ಮದನ್ನೂ ಕಟ್ಟಿಬಿಡಲಿ. ಲೆಕ್ಕದ ಪುಸ್ತಕವನ್ನು ಮನೆಯೊಡತಿಯೂ ತಿಂಗಳಿಗೊಮ್ಮೆ ನೋಡಿದರೆ ಮರೆವಿಗೆ ಎಡೆಯಿರದು.