ಸಂಬಳದಲ್ಲಿ ಮುರಿದುಕೊಂಡ ಚಂದಾ, ಕೇರಿಗೆ ಬಾರದ ಮುಖಂಡ

ಸಂಘದ ಚಂದಾ ಈಗ ಸಂಬಳದಲ್ಲೇ ಮುರಿದುಹೋಗುತ್ತದೆ. ಕಾರ್ಮಿಕ ಜೇಬಿಗೆ ಕೈ ಹಾಕಬೇಕಾಗಿಲ್ಲ, ಮುಖಂಡ ಮನೆ ಬಾಗಿಲಿಗೆ ಬರಬೇಕಾಗಿಲ್ಲ. ಇದೇ ಕಾರ್ಮಿಕ ಚಳವಳಿಯ ಗೆಲುವು ಅಂತ ಭಾಷಣ ಬಿಗಿಯುವವರನ್ನು ನಾವು ಒಂದು ಮಾತು ಕೇಳಬೇಕಾಗಿದೆ: ಯಾರ ಸಂಬಳದಲ್ಲಿ ಸ್ವಾಮಿ?

ಗೆಲುವೇ ಅಲ್ಲ ಅಂತ ನಾವು ಹೇಳುವುದಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲಿ ಧಣಿ ದಂಡ ಮುರಿದುಕೊಳ್ಳಬಹುದಿತ್ತು, ಗೈರುಹಾಜರಿಗೆ ಮುರಿದುಕೊಳ್ಳಬಹುದಿತ್ತು. ಸಂಘದ ಚಂದಾಕ್ಕೆ ಅಲ್ಲಿ ಜಾಗ ಸಿಕ್ಕಿದ್ದು 1982ರ ತಿದ್ದುಪಡಿಯಲ್ಲಿ. ಅದೂ ಕಾರ್ಮಿಕ ಬರೆದುಕೊಟ್ಟರೆ ಮಾತ್ರ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕೇಂದ್ರ ಸರ್ಕಾರದ ನೌಕರರ ಸಂಘಕ್ಕೆ ಮಾನ್ಯತೆ ಬೇಕಾದರೆ, 1993ರ ನಿಯಮದಂತೆ ಆ ವರ್ಗದ ನೌಕರರಲ್ಲಿ ನೂರಕ್ಕೆ 35 ಮಂದಿಯಾದರೂ ಸದಸ್ಯರಿರಬೇಕು. ಆ ಲೆಕ್ಕ ತೆಗೆಯುವುದು ಸಂಬಳದ ಪಟ್ಟಿಯಲ್ಲಿ ಮುರಿದ ಚಂದಾದಿಂದ. ಸುಳ್ಳು ಪಟ್ಟಿ ಹಿಡಿದು ಮೆರೆಯುವ ಸಂಘಗಳಿಗೆ ಇದು ಮೂಗುದಾರ. ಒಪ್ಪಿದೆವು.

ಆದರೆ ಸಂಬಳದ ಪಟ್ಟಿಯಲ್ಲಿ ಹೆಸರೇ ಇಲ್ಲದವರು? ಕೋಳಿ ಕೂಗುವ ಮೊದಲೇ ಎದ್ದು ಊರಿನ ಹೊಲಸು ಬಳಿಯುವ ನಮ್ಮ ಅಕ್ಕಂದಿರು? ಅವರ ಕೂಲಿಯಲ್ಲೂ ಮುರಿಯುತ್ತಾರೆ. ನಾವು ಕಂಡ ಒಂದು ಊರಲ್ಲಿ ಗುತ್ತಿಗೆದಾರ ಪಿ.ಎಫ್. ಅಂತ ಮುರಿದ, ಪೊರಕೆ ಅಂತ ಮುರಿದ, ಜ್ವರ ಬಂದು ಒಂದು ದಿನ ಮಲಗಿದ್ದಕ್ಕೆ ಎರಡು ದಿನದ ಕೂಲಿ ಮುರಿದ. ಒಂದಕ್ಕೂ ಚೀಟಿಯಿಲ್ಲ. ಇವರ ಚಂದಾ ಯಾರು ಮುರಿಯಬೇಕು? ಆ ಗುತ್ತಿಗೆದಾರನೇ? "ನಾನು ಸಂಘದವಳು" ಅಂತ ಬರೆದುಕೊಡುವ ಕಾಗದ ಕಾಯಂ ನೌಕರನಿಗೆ ಹಕ್ಕುಪತ್ರ. ಇವಳಿಗೆ ಅದು, ನಾಳೆಯಿಂದ ಕೆಲಸಕ್ಕೆ ಬರಬೇಡ ಅನ್ನಿಸಿಕೊಳ್ಳುವ ಕಾಗದ. ಸದಸ್ಯರ ಪಟ್ಟಿ ಧಣಿಯ ಮೇಜಿನ ಮೇಲಿರುವುದು ಚಿಕ್ಕ ಮಾತಲ್ಲ. ಅವನು ಮುನಿದ ದಿನ ಸಂಘದ ಗಂಟೂ ಅವನ ಕೈಯಲ್ಲೇ. 1995ರಲ್ಲಿ ಆಹಾರ ನಿಗಮದ ನೌಕರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಗುಟ್ಟಿನ ಮತದಾನದ ಕ್ರಮ ಹಾಕಿಕೊಟ್ಟದ್ದು ಸುಮ್ಮನೆ ಅಲ್ಲ.

ಇನ್ನೊಂದು ಮಾತು ಕಹಿಯಾದದ್ದು. ರಸೀದಿ ಪುಸ್ತಕ ಇದ್ದಾಗ ಮುಖಂಡ ತಿಂಗಳಿಗೊಮ್ಮೆಯಾದರೂ ಕೇರಿಗೆ ಬರಬೇಕಿತ್ತು. ಜಗುಲಿ ಮೇಲೆ ಕೂರಬೇಕಿತ್ತು. ನೀರು ಕೊಟ್ಟರೆ ಕುಡಿಯಲೋ ಬೇಡವೋ ಅಂತ ಅವನೊಳಗಿನ ಜಾತಿ ಲೆಕ್ಕ ಹಾಕುತ್ತಿತ್ತು. ಬೈಸಿಕೊಳ್ಳುತ್ತಿದ್ದ, ಖರ್ಚುವೆಚ್ಚ ಒಪ್ಪಿಸುತ್ತಿದ್ದ. ಈಗ ಎಲ್ಲದರಿಂದ ಬಿಡುಗಡೆ! ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನೂಲು ಎಂಜಲಾಗುತ್ತದೆಂಬ ನೆಪ ಹೇಳಿ ನಮ್ಮವರನ್ನು ನೇಯ್ಗೆ ವಿಭಾಗಕ್ಕೆ ಬಿಡಲಿಲ್ಲ. ಅದನ್ನು ಕಂಡೂ ಬಾಯಿ ಬಿಡದ ಸಂಘಗಳನ್ನು ಬಾಬಾಸಾಹೇಬರು ತರಾಟೆಗೆ ತೆಗೆದುಕೊಂಡರು. 1938ರಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ನಿಂತು, ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ನಿಮ್ಮ ಶತ್ರುಗಳು ಎಂದರು. ಅದೇ ಬಾಬಾಸಾಹೇಬರು 1943ರಲ್ಲಿ ವೈಸ್‌ರಾಯ್ ಕೌನ್ಸಿಲಿನಲ್ಲಿದ್ದುಕೊಂಡು, ಧಣಿಗಳು ಸಂಘಗಳಿಗೆ ಮಾನ್ಯತೆ ಕೊಡಲೇಬೇಕೆಂಬ ಮಸೂದೆ ತಂದರು. ಸಂಘ ಬೇಡ ಅಂದವರಲ್ಲ ಅವರು. ನಾವೂ ಅಲ್ಲ.

ಕಾರ್ಮಿಕ ಸಂಘಗಳ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿ, ಹಳ್ಳಿಯ ಕೂಲಿಯವರ ಚಂದಾ ವರ್ಷಕ್ಕೆ ಕನಿಷ್ಠ 1 ರೂಪಾಯಿ, ಉಳಿದ ಅಸಂಘಟಿತರದು 3 ರೂಪಾಯಿ ಎಂದಿತ್ತು. ಆ ಒಂದು ರೂಪಾಯಿಯನ್ನು ಯಾವ ಕಂಪ್ಯೂಟರೂ ಮುರಿದುಕೊಡುವುದಿಲ್ಲ. ಚಪ್ಪಲಿ ಸವೆಸಿಯೇ ತರಬೇಕು. ಹೋದ ತಿಂಗಳು ನಾವು ರಸೀದಿ ಪುಸ್ತಕ ಹಿಡಿದು ಹೋದಾಗ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಟ್ಟಳು. "ದುಡ್ಡು ಇಸ್ಕೊಂಡು ಹೋದೋರು ತಿರುಗಿ ಬಂದಿದ್ದು ಕಾಣೆ ಕಣ್ರಪ್ಪ. ನೀವಾದ್ರೂ ಬತ್ತೀರಾ?" ಅಂದಳು.

ಬರುವ ಭಾನುವಾರ ಮತ್ತೆ ಹೋಗುತ್ತಿದ್ದೇವೆ. ಕಾಯಂ ನೌಕರರ ಸಂಘದ ಪದಾಧಿಕಾರಿಗಳೂ ಜೊತೆಗೆ ಬರಲಿ. ಅಲ್ಲಿ ನೀರು ಕೊಡುತ್ತಾರೆ.