ಕೋಳಿ ಹೋದರೆ ನರಿ ಮೇಲೆ ಅನುಮಾನ

ಹೋದ ಮಾಗಿಯಲ್ಲಿ, ಕಡಲೆ ಕೀಳುವ ಹೊತ್ತಿಗೆ, ನಮ್ಮ ಮನೆಯ ಏಳು ಕೋಳಿ ಎರಡೇ ವಾರದಲ್ಲಿ ಕಾಣೆಯಾದವು. ನಮ್ಮೂರು ಅಜ್ಜಂಪುರದ ಪಕ್ಕ, ಅಮೃತ್ ಮಹಲ್ ಕಾವಲಿನ ಅಂಚಿನಲ್ಲಿದೆ. ಸಂಜೆ ಕತ್ತಲಾಗುತ್ತಿದ್ದಂತೆ ಕಾವಲಿನ ಕಡೆಯಿಂದ ನರಿ ಕೂಗುವುದು ಕೇಳಿಸುತ್ತದೆ. ಹಾಗಾಗಿ ಕಳ್ಳ ಯಾರು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 'ಇನ್ಯಾವುದಿರ್ತೈತೆ, ನರೀನೇ' ಅಂದರು ಪಕ್ಕದ ಮನೆ ದೊಡ್ಡಪ್ಪ. ಅವರ ಮನೆಯ ಕೋಳಿಯೂ ಹೋಗಿತ್ತು. ಕೋಳಿ ಕರುಳಿಗೆ ಹೊಲಕ್ಕೆ ಹಾಕುವ ವಿಷ ಬೆರೆಸಿ ಬೇಲಿಯ ಹತ್ತಿರ ಇಟ್ಟರು. ನಾವೂ ಬೇಡ ಅನ್ನಲಿಲ್ಲ.

ಮೂರನೇ ದಿನ ಬೇಲಿ ಪಕ್ಕದಲ್ಲಿ ಎರಡು ಕಾಗೆ ಸತ್ತು ಬಿದ್ದಿದ್ದವು. ಅವುಗಳಿಂದ ಹತ್ತು ಹೆಜ್ಜೆ ಆಚೆ ನಮ್ಮ ಕರಿಯ. ಆರು ವರ್ಷ ಮನೆ ಕಾದ ನಾಯಿ. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ದೊಡ್ಡಪ್ಪ ನಮ್ಮ ಮನೆ ಕಡೆ ತಲೆ ಹಾಕಲು ಒಂದು ತಿಂಗಳು ಹಿಡಿಯಿತು. ಕೋಳಿ ಕದ್ದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಕೋಳಿಗೂಡಿನ ಕೆಳಗಿನ ಹಲಗೆ ಗೆದ್ದಲು ತಿಂದು ಸಂದು ಬಿಟ್ಟಿತ್ತು. ಅದಕ್ಕೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿದ ಮೇಲೆ ಒಂದು ಕೋಳಿಯೂ ಹೋಗಿಲ್ಲ. ಜಾಲರಿಗೆ ಆದ ಖರ್ಚು ಒಂದು ನಾಟಿ ಕೋಳಿಯ ಬೆಲೆಗಿಂತ ಕಡಿಮೆ.

ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ಇಂಥ ಕಥೆ ಹೊಸದೇನಲ್ಲ. ಈಗ ಕಡೂರು, ಬೀರೂರಿನ ಹೊಸ ಬಡಾವಣೆಗಳವರೂ 'ರಾತ್ರಿ ನರಿ ಬರ್ತೈತೆ, ಬೆಕ್ಕು ಹೊರಗೆ ಬಿಡಬೇಡಿ' ಅನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಮಸುಕು ವಿಡಿಯೊದಲ್ಲಿ ನರಿ ತೋಳವಾಗುತ್ತದೆ, ಕಾಡುಬೆಕ್ಕು ಚಿರತೆ ಮರಿಯಾಗುತ್ತದೆ. ಪತ್ರಿಕೋದ್ಯಮ ಓದಿದ ನಾನೂ ಅಂಥದ್ದೊಂದನ್ನು ಪರೀಕ್ಷಿಸದೆ ಮುಂದಕ್ಕೆ ಕಳಿಸಿದವನೇ. ಆದ್ದರಿಂದ ಈ ಬರಹ ಬೇರೆಯವರಿಗೆ ಬುದ್ಧಿ ಹೇಳಲು ಮಾತ್ರ ಅಲ್ಲ.

ಮೊದಲು ನರಿ ಯಾವುದು ಎಂಬುದನ್ನು ನೋಡೋಣ. ನಮ್ಮ ಮಾತಿನಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಿಗೂ ನರಿ, ಗುಳ್ಳೆನರಿ ಎಂದೇ ಹೇಳುವುದುಂಟು. ಸಂಜೆ ಗುಂಪಾಗಿ ಊಳಿಡುವುದು ದೊಡ್ಡ ನರಿ. ತೂಕ ಸುಮಾರು ಎಂಟರಿಂದ ಹನ್ನೊಂದು ಕಿಲೊ, ಅಂದರೆ ಒಂದು ಸಣಕಲು ಬೀದಿನಾಯಿಯಷ್ಟು. ಇನ್ನೊಂದು ಬಯಲಿನ ಸಣ್ಣ ನರಿ. ಚೂಪು ಮೂತಿ, ದೊಡ್ಡ ಕಿವಿ, ಪೊದೆಯಂಥ ಬಾಲ, ಬಾಲದ ತುದಿ ಕಪ್ಪು. ಎರಡರಿಂದ ನಾಲ್ಕು ಕಿಲೊ ತೂಗಿದರೆ ಹೆಚ್ಚು. ನಿಮ್ಮ ಮನೆಯ ದಪ್ಪ ಬೆಕ್ಕಿನ ಪಕ್ಕ ನಿಲ್ಲಿಸಿದರೆ ಭಾರಿ ವ್ಯತ್ಯಾಸ ಕಾಣದು. ಇದು ಬದುಕುವುದು ಗೆದ್ದಲು, ಜೀರುಂಡೆ, ಮಿಡತೆ, ಇಲಿ, ಓತಿಕ್ಯಾತ, ನೆಲದ ಹಕ್ಕಿಯ ಮೊಟ್ಟೆ, ಬೋರೆ ಹಣ್ಣು ತಿಂದು. ಕಡಲೆ, ಜೋಳದ ಹೊಲದಲ್ಲಿ ಇಲಿ ಹಿಡಿಯುವ ಕೂಲಿ ಕೇಳದ ಆಳು ಇದು.

ಹಾಗಂತ ನರಿಯಿಂದ ಸಾಕುಪ್ರಾಣಿಗೆ ಅಪಾಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ರಾತ್ರಿ ಹೊರಗೆ ಬಿಟ್ಟ ಕೋಳಿ, ಮೊಲ, ಬೆಕ್ಕಿನ ಮರಿ ಸಿಕ್ಕರೆ ನರಿ ಬಿಡುವುದಿಲ್ಲ. ದೊಡ್ಡ ನರಿ ಆಗತಾನೇ ಹುಟ್ಟಿದ ಆಡು, ಕುರಿಮರಿಯನ್ನೂ ಹೊತ್ತೊಯ್ಯಬಲ್ಲದು. ಕುರಿ ಕಾಯುವವನಿಗೆ ಒಂದು ಮರಿ ಹೋದರೂ ಸಾವಿರಾರು ರೂಪಾಯಿ ನಷ್ಟ. ಆ ಸಿಟ್ಟನ್ನು ಪೇಟೆಯಲ್ಲಿ ಕೂತು ಹಗುರ ಮಾಡಬಾರದು. ಆದರೆ ಬೆಳೆದ ನಾಯಿಯ ತಂಟೆಗೆ ನರಿ ತಾನಾಗಿ ಬರುವುದು ಅಪರೂಪ. ಬೆಳೆದ ಬೆಕ್ಕಿನ ಎದುರೂ ಅದು ಸಾಮಾನ್ಯವಾಗಿ ದಾರಿ ಬದಲಿಸುತ್ತದೆ. ಲಂಡನ್ ನಗರದ ಬೀದಿಗಳಲ್ಲಿ ನಮ್ಮದಕ್ಕಿಂತ ದೊಡ್ಡ ಜಾತಿಯ ಕೆಂಪು ನರಿಗಳು ದಶಕಗಳಿಂದ ಓಡಾಡುತ್ತಿವೆ. ಅಲ್ಲಿಯೂ ನರಿ ಮತ್ತು ಬೆಕ್ಕು ಒಂದೇ ಹಿತ್ತಲಿನಲ್ಲಿ ಒಂದನ್ನೊಂದು ನೋಡಿಕೊಂಡು ಸುಮ್ಮನೆ ಹೋಗುವುದೇ ಹೆಚ್ಚು.

ಇನ್ನು ನಾಯಿ ಕಾಣೆಯಾಯಿತು ಅಂದರೆ ಅನುಮಾನ ಬೇರೆ ಕಡೆ ಹೋಗಬೇಕು. ತರೀಕೆರೆ ಕಡೆ ಭದ್ರಾ ಹುಲಿ ಮೀಸಲಿನ ಅಂಚು, ಬೆಟ್ಟದ ಸಾಲು, ಅಡಿಕೆ ತೋಟ. ಇದು ಚಿರತೆಯ ಜಾಗ. ಚಿರತೆಗೆ ನಾಯಿ ಎಂದರೆ ಸುಲಭದ ಊಟ. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಹೊಲಗಳಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಇದನ್ನು ತೋರಿಸಿತ್ತು. ಅಲ್ಲಿನ ಚಿರತೆಗಳು ತಿಂದ ಆಹಾರದ ತೂಕದಲ್ಲಿ ಶೇ. 39ರಷ್ಟು ಸಾಕುನಾಯಿಗಳೇ. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಓಡಲೂ ಆಗದೆ ಸಾಯುತ್ತದೆ. ರಾತ್ರಿ ನಾಯಿಯನ್ನು ಒಳಗೆ ಅಥವಾ ಬಾಗಿಲಿರುವ ಕೊಟ್ಟಿಗೆಯಲ್ಲಿ ಕೂಡಿದರೆ ನಾಯಿ ಉಳಿಯುತ್ತದೆ, ಚಿರತೆಗೆ ಅಂಗಳದ ಅಭ್ಯಾಸವೂ ತಪ್ಪುತ್ತದೆ.

ನಿಜವಾಗಿ ಯೋಚಿಸಬೇಕಾದದ್ದು ಇದರ ಉಲ್ಟಾ ದಿಕ್ಕಿನಲ್ಲಿ. ನರಿಯಿಂದ ನಮ್ಮ ನಾಯಿಗೆ ಇರುವುದಕ್ಕಿಂತ ನಮ್ಮ ನಾಯಿಯಿಂದ ನರಿಗೆ ಇರುವ ಅಪಾಯ ದೊಡ್ಡದು. ಸೊಲ್ಲಾಪುರದ ಹತ್ತಿರ ನಾನ್ನಜ್ ಹುಲ್ಲುಗಾವಲು ಇದೆ. ಅಲ್ಲಿ ಅಬಿ ತಮೀಮ್ ವನಕ್ ಮತ್ತು ಸಂಗಡಿಗರು ಬಯಲಿನ ಸಣ್ಣ ನರಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ನಾಯಿ ಇರುವ ಕಡೆ ನರಿಗಳು ಮೇಯುವುದನ್ನೇ ಕಡಿಮೆ ಮಾಡುತ್ತವೆ, ಜಾಗ ಬಿಟ್ಟುಕೊಡುತ್ತವೆ ಎಂಬುದನ್ನು ಅವರು ಕಂಡರು. ನಾಯಿಗಳಲ್ಲಿ ಓಡಾಡುವ ಡಿಸ್ಟೆಂಪರ್ ರೋಗ ನರಿಗಳಿಗೂ ತಗಲುತ್ತಿದ್ದದ್ದು ಅಲ್ಲಿನ ಇನ್ನೊಂದು ಅಧ್ಯಯನದಲ್ಲಿ ಕಂಡುಬಂತು. ನಮ್ಮ ಕಾವಲುಗಳ ಸ್ಥಿತಿ ಬೇರೆ ಇರಲಾರದು. ಊರಾಚೆ ಕೋಳಿ ಅಂಗಡಿಯ ಕಸ ಸುರಿಯುತ್ತೇವೆ. ಅದಕ್ಕೆ ನಾಯಿ ಹಿಂಡು ಸೇರುತ್ತದೆ. ಅದೇ ಕಸಕ್ಕೆ ರಾತ್ರಿ ನರಿಯೂ ಬರುತ್ತದೆ. ರೋಗ ಬದಲಾಯಿಸಿಕೊಳ್ಳಲು ಇದಕ್ಕಿಂತ ಒಳ್ಳೆ ಸಂತೆ ಬೇಕೆ?

ಆ ಸಂತೆಯಲ್ಲಿ ನಮಗೂ ಪಾಲಿದೆ. ಅದರ ಹೆಸರು ರೇಬೀಸ್. ನಾಯಿಯಿಂದ ನರಿಗೆ, ನರಿಯಿಂದ ನಾಯಿಗೆ, ದನಕ್ಕೆ, ಮನುಷ್ಯನಿಗೆ ಅದು ಹೋಗಬಲ್ಲದು. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ಹಗಲು ಹೊತ್ತಿನಲ್ಲಿ ಹೆದರಿಕೆಯಿಲ್ಲದೆ ಊರೊಳಗೆ ನುಗ್ಗಿ ಕಂಡದ್ದಕ್ಕೆಲ್ಲ ಬಾಯಿ ಹಾಕುವ ನರಿ ಬಂದರೆ ಕೋಲು ಹಿಡಿದು ಮುತ್ತಬೇಡಿ. ಮಕ್ಕಳನ್ನು, ದನವನ್ನು ಒಳಗೆ ಮಾಡಿ ಅರಣ್ಯ ಇಲಾಖೆಗೆ ತಿಳಿಸಿ. ಯಾವ ಪ್ರಾಣಿ ಕಚ್ಚಿದರೂ, ಪರಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಮಂತ್ರದ ದಾರ ಯಾವುದೂ ಇದಕ್ಕೆ ಬದಲಿಯಲ್ಲ. ನಾಯಿಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸುತ್ತಿರಬೇಕು. ನಮ್ಮ ಕರಿಯನಿಗೆ ಆರು ವರ್ಷದಲ್ಲಿ ಒಂದು ಸಲವೂ ಹಾಕಿಸಿರಲಿಲ್ಲ ಎಂದು ಈಗ ನಾಚಿಕೆಯಿಂದ ಹೇಳುತ್ತಿದ್ದೇನೆ.

ಇದೆಲ್ಲ ಮನೆಯವರು ಮಾಡಬಹುದಾದದ್ದು. ಇನ್ನೊಂದು ಭಾಗ ಸರ್ಕಾರದ್ದು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಟಿಪ್ಪು ಕಾಲದಲ್ಲಿ ಅಮೃತ್ ಮಹಲ್ ಆಯಿತು. ಆ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳೇ ನಮ್ಮ ಕಾವಲುಗಳು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ 1929ರಿಂದ ಇದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅಲ್ಲಿ ಕೃಷ್ಣಮೃಗ ನೋಡಲು ಜನ ಬರುತ್ತಾರೆ. ಉಳಿದ ಕಾವಲುಗಳನ್ನು ಮಾತ್ರ ನಾವು ಪಾಳು ಜಮೀನು ಎಂದೇ ನೋಡುತ್ತೇವೆ. ಒತ್ತುವರಿ ಆಗುತ್ತದೆ, ನೀಲಗಿರಿ ನೆಡುತ್ತಾರೆ, ಮಣ್ಣು ತೆಗೆಯುತ್ತಾರೆ. ಗೂಡು ಕಳೆದುಕೊಂಡ ನರಿ ಊರ ಅಂಚಿಗೆ ಬಂದಾಗ 'ನರಿ ಕಾಟ ಹೆಚ್ಚಾಯಿತು' ಎನ್ನುತ್ತೇವೆ.

ನನ್ನ ಒತ್ತಾಯ ಮೂರೇ. ಒಂದು, ಕಾವಲಿನ ಅಂಚಿನ ಹಳ್ಳಿಗಳ ಎಲ್ಲ ನಾಯಿಗಳಿಗೂ, ಬೀದಿಯವೂ ಸೇರಿ, ಪಶುಪಾಲನಾ ಇಲಾಖೆ ಊರಿಗೇ ಬಂದು ವರ್ಷಕ್ಕೊಮ್ಮೆ ಲಸಿಕೆ ಹಾಕಬೇಕು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನ ತಾಲ್ಲೂಕು ಕೇಂದ್ರದಲ್ಲಿ ಬ್ಯಾನರ್ ಕಟ್ಟಿದರೆ ಸಾಲದು. ಎರಡು, ಪಂಚಾಯಿತಿ ಮತ್ತು ಪುರಸಭೆಗಳು ಮಾಂಸದ ಅಂಗಡಿಯ ಕಸಕ್ಕೆ ಮುಚ್ಚಿದ ಗುಂಡಿಯ ವ್ಯವಸ್ಥೆ ಮಾಡಬೇಕು. ಮೂರು, ವಿಷ ಇಡುವುದನ್ನು ಊರೇ ಕೂತು ನಿಲ್ಲಿಸಬೇಕು. ನರಿಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದು ಒಂದು ಕಾರಣ. ವಿಷಕ್ಕೆ ನರಿ ಯಾವುದು, ಕರಿಯ ಯಾವುದು ಗೊತ್ತಾಗುವುದಿಲ್ಲ ಎಂಬುದು ನಾವು ಕಂಡುಕೊಂಡ ಕಾರಣ.

ಯಾರಿಗಾದರೂ ಅದೃಷ್ಟ ಖುಲಾಯಿಸಿದರೆ 'ಬೆಳಗ್ಗೆ ಎದ್ದು ನರಿ ಮುಖ ನೋಡಿದ್ಯೇನೋ' ಎಂದು ಕೇಳುವ ಜನ ನಾವು. ಆ ಮಾತು ನಂಬಿ ನರಿಯನ್ನು ಹಿಡಿಯುವವರು, ನರಿಕೊಂಬು ಎಂದು ಏನನ್ನೋ ಮಾರುವವರು ಇದ್ದಾರೆ. ಅದೃಷ್ಟಕ್ಕೆ ನರಿ ಬೇಕು, ಹಿತ್ತಲ ಹತ್ತಿರ ಬೇಡ.

ನಮ್ಮ ಮನೆಗೆ ಈಗ ಹೊಸ ನಾಯಿಮರಿ ಬಂದಿದೆ. ತಂದುಕೊಟ್ಟವರು ದೊಡ್ಡಪ್ಪನೇ. ಅದಕ್ಕೆ ಮೂರು ತಿಂಗಳು ತುಂಬಿದ ವಾರವೇ ಅಮ್ಮ ಅದನ್ನು ಚೀಲದಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿ ಪಶು ಆಸ್ಪತ್ರೆಗೆ ಹೋಗಿ ಬಂದಳು. ಸಂಜೆ ಕಾವಲಿನಲ್ಲಿ ನರಿ ಕೂಗಿದರೆ ಮರಿ ಕಿವಿ ನಿಗುರಿಸಿ ಬೊಗಳುತ್ತದೆ. ಅಮ್ಮ ಕೋಳಿಗೂಡಿನ ಅಗುಳಿ ಹಾಕಿ ಅದನ್ನು ಒಳಗೆ ಕರೆಯುತ್ತಾಳೆ.