ಕೋಳಿ ಕಾಲು ಬೆಂದಿತೇ? ಕಣ್ಣು ಹೇಳದು, ಡಿಗ್ರಿ ಹೇಳೀತು

ಭಾನುವಾರದ ಮಧ್ಯಾಹ್ನ. ಕಾಲೇಜಿಗೆ ಹೋಗುವ ಮಗ ಹೊಸ ಓವನ್‌ನಿಂದ ಟ್ರೇ ಹೊರಗೆ ತೆಗೆದಿದ್ದಾನೆ. ಅದರಲ್ಲಿ ನಾಲ್ಕು ಕೋಳಿ ಕಾಲುಗಳು. ಚರ್ಮ ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಗಿದೆ. ಘಮ ಹಜಾರದವರೆಗೂ ಬಂದಿದೆ. ತಂಗಿ ಒಂದನ್ನು ಮುರಿದು ನೋಡುತ್ತಾಳೆ. ಮೂಳೆಯ ಬಳಿ ಕೆಂಪು!

"ಅಮ್ಮಾ, ಅಣ್ಣ ಹಸಿ ಮಾಂಸ ಬಡಿಸ್ತಿದಾನೆ!"

"ಮೇಲೆ ನೋಡೇ, ಹೇಗೆ ಬೆಂದಿದೆ ಅಂತ" ಎಂಬುದು ಅಣ್ಣನ ವಾದ.

"ಯಾವುದಕ್ಕೂ ಇನ್ನು ಇಪ್ಪತ್ತು ನಿಮಿಷ ಒಳಗಿಡು ಕಣೋ" ಎಂಬುದು ತಾಯಿಯ ತೀರ್ಪು.

ಇಪ್ಪತ್ತು ನಿಮಿಷ ಕಳೆಯಿತು. ಚರ್ಮ ಅಲ್ಲಲ್ಲಿ ಕಪ್ಪಾಯಿತು, ಮಾಂಸ ಒಣಗಿತು. ಮೂಳೆಯ ಬಳಿಯ ಕೆಂಪು ಮಾತ್ರ ಹೋಗಲಿಲ್ಲ! ಊಟ ಕೆಟ್ಟಿತು. ಅನುಮಾನ ಉಳಿಯಿತು.

ಇಂಥ ಪ್ರಸಂಗ ಓವನ್ ಹೊಸದಾಗಿ ಬಂದ ಯಾವ ಮನೆಯಲ್ಲಾದರೂ ನಡೆಯಬಹುದು. ಇಲ್ಲಿ ಮೂವರೂ ಒಂದೇ ತಪ್ಪು ಮಾಡಿದರು. ಮಾಂಸ ಬೆಂದಿದೆಯೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ತೀರ್ಮಾನಿಸಿದರು. ಆದರೆ ಕೋಳಿ ಕಾಲಿನ ವಿಷಯದಲ್ಲಿ ಕಣ್ಣು ನಂಬಿಕೆಯ ಸಾಕ್ಷಿಯಲ್ಲ.

ಸಾರಿಗೆ ಇಲ್ಲದ ಚಿಂತೆ ಓವನ್‌ಗೇಕೆ?

ತಾಯಿಗೆ ಕೋಳಿ ಸಾರು ಮಾಡಿ ದಶಕಗಳ ಅನುಭವವಿದೆ. ಒಮ್ಮೆಯಾದರೂ ಈ ಪ್ರಶ್ನೆ ಎದ್ದಿಲ್ಲ. ಕಾರಣ ಸರಳ. ಸಾರಿನಲ್ಲಿ ಕುದಿತವೇ ಥರ್ಮಾಮೀಟರ್. ನೀರು ಕೊತಕೊತ ಕುದಿಯುತ್ತಿದೆ ಎಂದರೆ ಅದರ ತಾಪ ಸುಮಾರು 100 ಡಿಗ್ರಿ ಸೆಲ್ಸಿಯಸ್. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿ. ತುಂಡುಗಳು ಚಿಕ್ಕವು, ಸುತ್ತಲೂ ಕುದಿನೀರು. ಅರ್ಧ ತಾಸಿನಲ್ಲಿ ಮೂಳೆಯವರೆಗೂ ಬಿಸಿ ಮುಟ್ಟುತ್ತದೆ. ಬೆಂದಿತೇ ಎಂದು ಕೇಳುವ ಅಗತ್ಯವೇ ಇಲ್ಲ.

ಓವನ್‌ನಲ್ಲಿ ಕುದಿಯುವುದೇನೂ ಕಾಣದು. ಗುಂಡಿ ತಿರುಗಿಸಿ 200 ಎಂದು ಇಟ್ಟರೆ ಅದು ಒಳಗಿನ ಗಾಳಿಯ ತಾಪ, ಮಾಂಸದ್ದಲ್ಲ. ಗಾಳಿಯಾದರೋ ಬಿಸಿಯನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಟ್ರೇ ತೆಗೆಯಲು 200 ಡಿಗ್ರಿಯ ಓವನ್‌ನೊಳಗೆ ಕೈ ಹಾಕಿದಾಗ ಗಾಳಿ ತಾಗಿದ ಮಾತ್ರಕ್ಕೆ ಕೈ ಸುಡುವುದಿಲ್ಲ. ಅಷ್ಟೇ ಬಿಸಿಯ ಟ್ರೇಯನ್ನು ಬಟ್ಟೆಯಿಲ್ಲದೆ ಮುಟ್ಟಿದರೆ ಬೊಬ್ಬೆ ಏಳುತ್ತದೆ. ತಾಪ ಬೇರೆ, ಶಾಖ ದಾಟುವ ವೇಗ ಬೇರೆ. ಪಠ್ಯಪುಸ್ತಕದ ಈ ಪಾಠ ಓವನ್‌ನ ಬಾಗಿಲಲ್ಲೇ ನಿಂತಿದೆ.

ಹೊರಗಿನ ಕೆಲಸ, ಒಳಗಿನ ಕೆಲಸ

ಓವನ್‌ನಲ್ಲಿ ಒಂದೇ ಹೊತ್ತಿಗೆ ಎರಡು ಕೆಲಸಗಳು ನಡೆಯುತ್ತವೆ. ಹೊರಗೆ ಚರ್ಮ ಕಂದಾಗಬೇಕು. ಒಳಗೆ ಮಾಂಸ ಬೇಯಬೇಕು. ಒಂದು ಮುಗಿದ ಮಾತ್ರಕ್ಕೆ ಇನ್ನೊಂದು ಮುಗಿಯಿತೆಂದು ತಿಳಿಯುವಂತಿಲ್ಲ.

ಚರ್ಮ ಕಂದಾಗುವ ಕ್ರಿಯೆಯನ್ನು ವಿವರಿಸಿದವರು ಲೂಯಿ ಕಾಮಿಲ್ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ. ಅವರಿಗೆ ಅಡುಗೆಯ ಚಿಂತೆ ಇರಲಿಲ್ಲ. ಜೀವಿಗಳಲ್ಲಿ ಪ್ರೋಟೀನ್ ಹೇಗೆ ರೂಪುಗೊಳ್ಳುತ್ತದೆಂದು ತಿಳಿಯುವುದು ಅವರ ಆಸಕ್ತಿಯಾಗಿತ್ತು. ಸಕ್ಕರೆಯನ್ನೂ ಅಮೈನೋ ಆಮ್ಲಗಳನ್ನೂ ಒಟ್ಟಿಗೆ ಕಾಯಿಸಿದಾಗ ಮಿಶ್ರಣ ಕಂದಾದುದನ್ನು ಅವರು 1912ರಲ್ಲಿ ಪ್ರಕಟಿಸಿದರು. ಕಾವಲಿಯ ಮೇಲಿನ ದೋಸೆಯ ಕೆಂಪು, ಹುರಿದ ಕಾಫಿ ಬೀಜದ ಘಮ, ಬೇಕರಿಯ ಬ್ರೆಡ್ಡಿನ ಮೇಲ್ಪದರ – ಇವೆಲ್ಲದರ ಹಿಂದೆಯೂ ಈ 'ಮೈಯಾರ್ ಕ್ರಿಯೆ' ಇದೆ. ಅಡುಗೆಯಲ್ಲಿ ಇದು ಚುರುಕಾಗುವುದು ಸುಮಾರು 140 ಡಿಗ್ರಿಯ ನಂತರ.

ತೊಂದರೆ ಇರುವುದು ಇಲ್ಲಿಯೇ. ಚರ್ಮದ ಮೇಲೆ ನೀರಿನ ಪಸೆ ಇರುವವರೆಗೆ ಅದರ ತಾಪ 100 ಡಿಗ್ರಿ ದಾಟುವುದಿಲ್ಲ. ಒಂದು ಗ್ರಾಂ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ಏರಿಸಲು 100 ಕ್ಯಾಲೊರಿ ಶಾಖ ಸಾಕು. ಆದರೆ ಕುದಿಯುತ್ತಿರುವ ಆ ಒಂದು ಗ್ರಾಂ ನೀರನ್ನು ಆವಿಯಾಗಿಸಲು ಇನ್ನೂ 540 ಕ್ಯಾಲೊರಿ ಬೇಕು! ಇದೇ ಗುಪ್ತೋಷ್ಣ. ಒದ್ದೆ ಕೋಳಿಯನ್ನು ಓವನ್‌ಗಿಟ್ಟರೆ ಅದರ ಶಾಖವೆಲ್ಲ ನೀರನ್ನು ಓಡಿಸುವುದಕ್ಕೇ ಖರ್ಚಾಗುತ್ತದೆ. ಆದ್ದರಿಂದ ಕೋಳಿ ಕಾಲನ್ನು ಒರೆಸಿ ಒಣಗಿಸುವುದು ಗರಿಗರಿ ಚರ್ಮದ ಮೊದಲ ಗುಟ್ಟು. ಬರೀ ಮೈಕ್ರೋವೇವ್‌ನಲ್ಲಿ ಬೇಯಿಸಿದ ಕೋಳಿ ಬಿಳಚಿಕೊಂಡು ಮೆತ್ತಗಿರುವುದೂ ಇದೇ ಕಾರಣಕ್ಕೆ. ಅಲ್ಲಿ ಸುತ್ತಲಿನ ಗಾಳಿ ಕಾಯುವುದೇ ಇಲ್ಲ. ಕಾಯುವುದು ಮುಖ್ಯವಾಗಿ ಮಾಂಸದಲ್ಲಿರುವ ನೀರು.

ಕೆಂಪು ಬಂದದ್ದು ಎಲ್ಲಿಂದ?

ಈಗ ತಂಗಿ ಕಂಡ ಕೆಂಪಿನ ಕಥೆ. ಮಾಂಸದ ಕೆಂಪನ್ನು ರಕ್ತವೆಂದು ತಿಳಿಯುವವರೇ ಹೆಚ್ಚು. ಅದು ಬಹುಪಾಲು ಮಯೋಗ್ಲೋಬಿನ್ ಎಂಬ ಪ್ರೋಟೀನು. ಸ್ನಾಯುಗಳಲ್ಲಿ ಆಮ್ಲಜನಕವನ್ನು ಕೂಡಿಡುವುದು ಅದರ ಕೆಲಸ. ಜಗತ್ತಿನಲ್ಲಿ ಮೊಟ್ಟಮೊದಲು ಮೂರು ಆಯಾಮಗಳ ರಚನೆ ತಿಳಿದುಬಂದ ಪ್ರೋಟೀನು ಇದೇ. 1958ರಲ್ಲಿ ಜಾನ್ ಕೆಂಡ್ರ್ಯೂ ಮತ್ತು ಸಂಗಡಿಗರು ತಿಮಿಂಗಿಲದ ಮಯೋಗ್ಲೋಬಿನ್‌ನ ರೂಪವನ್ನು ಕಂಡುಹಿಡಿದರು. 1962ರಲ್ಲಿ ಕೆಂಡ್ರ್ಯೂ ಅವರಿಗೆ ಮ್ಯಾಕ್ಸ್ ಪೆರುಟ್ಜ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಕೋಳಿ ದಿನವಿಡೀ ನಡೆಯುತ್ತದೆ, ನಿಲ್ಲುತ್ತದೆ, ಕೆದಕುತ್ತದೆ. ಕಾಲಿನ ಸ್ನಾಯುಗಳಿಗೆ ಬಿಡುವಿಲ್ಲ. ಹಾಗಾಗಿ ಅಲ್ಲಿ ಮಯೋಗ್ಲೋಬಿನ್ ಹೆಚ್ಚು, ಮಾಂಸದ ಬಣ್ಣ ಗಾಢ. ಹಾರುವುದು ಅಪರೂಪವಾದ್ದರಿಂದ ಎದೆಯ ಮಾಂಸ ಬಿಳಿ. ದೂರ ಹಾರುವ ಬಾತುಗಳಿಗೆ ಎದೆಯ ಮಾಂಸವೂ ಕೆಂಪೇ.

ಇನ್ನೊಂದು ಸಂಗತಿ. ಅಂಗಡಿಯಲ್ಲಿ ಸಿಗುವ ಬ್ರಾಯ್ಲರ್ ಕೋಳಿಯ ವಯಸ್ಸು ಸಾಮಾನ್ಯವಾಗಿ ಆರು ವಾರಗಳ ಆಸುಪಾಸು. ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಮೂಳೆಯೊಳಗಿನ ಮಜ್ಜೆಯ ಕೆಂಪು ಸುತ್ತಲಿನ ಮಾಂಸಕ್ಕೆ ಜಿನುಗುತ್ತದೆ. ಎಷ್ಟು ಬೇಯಿಸಿದರೂ ಆ ಕಲೆ ಉಳಿಯಬಹುದು. ಅಂದರೆ ಪೂರಾ ಬೆಂದ ಕೋಳಿ ಕೆಂಪಾಗಿ ಕಾಣಬಹುದು. ಅರೆಬೆಂದದ್ದು ಬೆಳ್ಳಗೆ ಕಾಣಬಹುದು. ಮೊದಲನೆಯದರಿಂದ ಊಟ ಕೆಡುತ್ತದೆ. ಎರಡನೆಯದರಿಂದ ಆರೋಗ್ಯ.

ಪರೀಕ್ಷೆಯ ವಾರದಲ್ಲಿ ಹೊಟ್ಟೆನೋವು

ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಇರಬಹುದು. ಸಾಲ್ಮೊನೆಲ್ಲಾ ಹೆಸರಿಗೂ ಸಾಲ್ಮನ್ ಮೀನಿಗೂ ಸಂಬಂಧವಿಲ್ಲ. ಅದು ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಹೆಸರಿನಿಂದ ಬಂದದ್ದು. 1885ರಲ್ಲಿ ಅದನ್ನು ಬೇರ್ಪಡಿಸಿದವರು ಅವರ ಸಹಾಯಕ ಥಿಯೊಬಾಲ್ಡ್ ಸ್ಮಿತ್.

ಅರೆಬೆಂದ ಕೋಳಿಯ ಮೂಲಕ ಸಾಲ್ಮೊನೆಲ್ಲಾ ಹೊಟ್ಟೆ ಸೇರಿದರೆ ಸಾಮಾನ್ಯವಾಗಿ 12ರಿಂದ 36 ತಾಸುಗಳಲ್ಲಿ ಜ್ವರ, ವಾಂತಿ, ಭೇದಿ ಶುರುವಾಗುತ್ತವೆ. ಅಷ್ಟರಲ್ಲಿ ಇನ್ನೂ ಎರಡು-ಮೂರು ಊಟಗಳಾಗಿರುತ್ತವೆ. ತಪ್ಪು ಕ್ಯಾಂಟೀನಿನ ಚಟ್ನಿಯ ಮೇಲೋ ಬೀದಿ ಬದಿಯ ಪಾನಿಪುರಿಯ ಮೇಲೋ ಹೋಗುತ್ತದೆ! ಗಟ್ಟಿಮುಟ್ಟಾದವರು ಕೆಲವು ದಿನಗಳಲ್ಲಿ ಚೇತರಿಸಿಕೊಂಡಾರು. ಮನೆಯ ಪುಟ್ಟ ಮಗುವಿಗೆ, ವಯಸ್ಸಾದ ಅಜ್ಜಿಗೆ ಇದು ಅಪಾಯವೇ.

ಈ ಬ್ಯಾಕ್ಟೀರಿಯಾಗಳು ಬಿಸಿಗೆ ಸಾಯುತ್ತವೆ. 60 ಡಿಗ್ರಿಯಲ್ಲಿ ಹಲವು ನಿಮಿಷಗಳೇ ಬೇಕು. 70 ದಾಟಿದರೆ ಅವು ಬಹುಬೇಗ ನಾಶವಾಗುತ್ತವೆ. ಆಹಾರ ಸುರಕ್ಷತೆಗಾಗಿ ವಿಶ್ವ ಆರೋಗ್ಯ ಸಂಸ್ಥೆ ಪ್ರಚಾರ ಮಾಡುವ ಐದು ಸೂತ್ರಗಳಲ್ಲಿ 70 ಡಿಗ್ರಿಯ ಮಾತಿದೆ. ಅಮೆರಿಕದ ಕೃಷಿ ಇಲಾಖೆ ಕೋಳಿಗೆ ಇಟ್ಟ ಗುರುತು 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 74 ಸೆಲ್ಸಿಯಸ್. ಮನೆಯವರು ನೆನಪಿಡಬೇಕಾದ ಅಂಕಿ ಈ 74.

ಆದರೆ ಕೋಳಿ ಕಾಲಿಗೆ ಇನ್ನೂ ಸ್ವಲ್ಪ ಬಿಸಿ ಒಳ್ಳೆಯದು. ದುಡಿಯುವ ಸ್ನಾಯುವಾದ್ದರಿಂದ ಅಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಹೆಚ್ಚು. ಹೆಚ್ಚು ಬಿಸಿಯಲ್ಲಿ ನಿಧಾನವಾಗಿ ಅದು ಜೆಲಟಿನ್ ಆಗಿ ಕರಗಿ ಮಾಂಸ ಮೆದುವಾಗುತ್ತದೆ. ಹೀಗಾಗಿ 74ಕ್ಕೆ ಸುರಕ್ಷಿತವಾದ ಕಾಲು 80ರಿಂದ 85ರ ಹೊತ್ತಿಗೆ ರುಚಿಕರ. ಎದೆಯ ಮಾಂಸವಾದರೆ ಅಷ್ಟು ಹೊತ್ತಿಗೆ ಒಣಗಿ ಹಿಂಜಿದ ಹತ್ತಿಯಾಗಿರುತ್ತದೆ. ಹೊಸದಾಗಿ ಕಲಿಯುವವರು ಕಾಲಿನಿಂದ ಶುರುಮಾಡುವುದು ಜಾಣತನ. ಅದು ಸಣ್ಣಪುಟ್ಟ ತಪ್ಪನ್ನು ಕ್ಷಮಿಸುತ್ತದೆ.

ತೊಳೆಯಬೇಕೇ, ಬೇಡವೇ?

ನಲ್ಲಿಯ ಕೆಳಗೆ ಕೋಳಿ ತೊಳೆಯಬೇಡಿರೆಂದು ಬ್ರಿಟನ್ನಿನ ಆಹಾರ ಸಂಸ್ಥೆ 2014ರಲ್ಲಿ ಪ್ರಚಾರವನ್ನೇ ಕೈಗೊಂಡಿತು. ರಭಸದ ನೀರಿನ ಹನಿಗಳು ಬ್ಯಾಕ್ಟೀರಿಯಾಗಳನ್ನು ಹೊತ್ತು ಸಿಂಕು, ಪಾತ್ರೆ, ಪಕ್ಕದಲ್ಲಿಟ್ಟ ಸೌತೆಕಾಯಿಯ ಮೇಲೆಲ್ಲ ಸಿಡಿಯುತ್ತವೆ. ಕೋಳಿಯೇನೋ ಬೇಯುತ್ತದೆ; ಸೌತೆಕಾಯಿ ಬೇಯುವುದಿಲ್ಲ! ಆದರೆ ಇಲ್ಲಿ ಅಂಗಡಿಯಲ್ಲಿ ಆಗಷ್ಟೇ ಕತ್ತರಿಸಿದ ಕೋಳಿಗೆ ರಕ್ತ, ಪುಕ್ಕದ ಚೂರು ಅಂಟಿರುವುದುಂಟು. ತೊಳೆಯದೆ ಮನಸ್ಸೊಪ್ಪದು. ಹಾಗಿದ್ದರೆ ಪಾತ್ರೆಯಲ್ಲಿ ನೀರು ತುಂಬಿ, ಅದರೊಳಗೆ ಮೆಲ್ಲಗೆ ತೊಳೆದು, ನೀರನ್ನು ಸಿಡಿಯದಂತೆ ಚೆಲ್ಲಬೇಕು. ನಂತರ ಸಿಂಕು, ಚಾಕು, ಮಣೆ, ಕೈ ಎಲ್ಲವನ್ನೂ ಸೋಪಿನಿಂದ ತೊಳೆಯಬೇಕು. ಕೋಸಂಬರಿಯ ತರಕಾರಿಯನ್ನು ಮೊದಲೇ ಹೆಚ್ಚಿ ಮುಚ್ಚಿಟ್ಟರೆ ಮತ್ತೂ ಒಳ್ಳೆಯದು.

ಮಾಡುವ ಕ್ರಮ

ಚರ್ಮ ಸಹಿತವಾದ ನಾಲ್ಕು ಇಡೀ ಕಾಲು ತೆಗೆದುಕೊಳ್ಳಿ. ಒಂದೂವರೆ ಟೀ ಚಮಚ ಉಪ್ಪು, ಒಂದು ಚಮಚ ಅಚ್ಚ ಖಾರದ ಪುಡಿ, ಅರ್ಧ ಚಮಚ ಅರಿಸಿನ, ಒಂದು ಚಮಚ ಮೆಣಸಿನ ಪುಡಿ, ಎರಡು ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಬೆರೆಸಿ ಸವರಿ. ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ ನಾಲ್ಕು ತಾಸು ಇಡಿ. ಮೇಲಿನ ಹಲಗೆಯಲ್ಲಿಟ್ಟರೆ ಹಸಿ ಕೋಳಿಯ ನೀರು ಕೆಳಗಿನ ಪದಾರ್ಥಕ್ಕೆ ತೊಟ್ಟಿಕ್ಕೀತು. ಓವನ್‌ಗೆ ಇಡುವ ಮುಂಚೆ ಮೇಲಿನ ನೀರಿನಂಶವನ್ನು ಒರೆಸಿ ಎರಡು ಚಮಚ ಎಣ್ಣೆ ಸವರಿ. ಮೊಸರಿನ ಮಸಾಲೆ ಹಾಕುವವರು ದಪ್ಪನೆಯ ಲೇಪವನ್ನು ಝಾಡಿಸಿ ತೆಗೆಯಬೇಕು.

ಓವನ್ನನ್ನು 200 ಡಿಗ್ರಿಗೆ ಇಟ್ಟು ಹದಿನೈದು ನಿಮಿಷ ಮೊದಲೇ ಕಾಯಿಸಿ. ತುಂಡುಗಳು ಒಂದಕ್ಕೊಂದು ತಾಗದಂತೆ ಜಾಲರಿಯ ಮೇಲೆ ಜೋಡಿಸಿ, ಕೆಳಗೆ ಟ್ರೇ ಇಡಿ. 40–45 ನಿಮಿಷ ಬೇಕಾಗುತ್ತದೆ. ತುಂಡು ದಪ್ಪವಿದ್ದರೆ ಇನ್ನೂ ಹೆಚ್ಚು. ನಡುವೆ ಒಮ್ಮೆ ಟ್ರೇಯ ದಿಕ್ಕು ಬದಲಿಸಿ. ಪುಟ್ಟ ಓವನ್‌ಗಳಲ್ಲಿ ಎಲ್ಲ ಮೂಲೆಗೂ ಒಂದೇ ಬಿಸಿ ಇರುವುದಿಲ್ಲ.

ಇನ್ನು ಅಳತೆ. ಅಡುಗೆಗೆಂದೇ ಮಾಡಿದ, ಚೂಪಾದ ಕಡ್ಡಿಯಿರುವ ಥರ್ಮಾಮೀಟರ್ ಪೇಟೆಯಲ್ಲಿ ಸಿಗುತ್ತದೆ. ಜ್ವರ ನೋಡುವ ಥರ್ಮಾಮೀಟರನ್ನು ಯಾವ ಕಾರಣಕ್ಕೂ ಬಳಸಕೂಡದು. ಅದರ ಅಳತೆ 42 ಡಿಗ್ರಿಯ ಆಸುಪಾಸಿಗೇ ಮುಗಿಯುತ್ತದೆ. ಗಾಜಿನದಾದರೆ ಒಡೆದು ಪಾದರಸ ಊಟಕ್ಕೆ ಬೀಳುತ್ತದೆ. ಕಡ್ಡಿಯನ್ನು ತೊಡೆಯ ಅತಿ ದಪ್ಪ ಭಾಗಕ್ಕೆ ಚುಚ್ಚಬೇಕು, ಮೂಳೆಗೆ ತಾಗಿಸಬಾರದು. ಎರಡು-ಮೂರು ಕಡೆ ನೋಡಿ, ಅತಿ ಕಡಿಮೆ ಬಂದ ಅಂಕಿಯನ್ನೇ ನಂಬಬೇಕು. ಥರ್ಮಾಮೀಟರ್ ಇಲ್ಲದವರು ತಾಳ್ಮೆಯನ್ನೇ ಆಶ್ರಯಿಸಬೇಕು. ಮಾಂಸ ಮೂಳೆಯ ತುದಿಯಿಂದ ಹಿಂದೆ ಸರಿದಿರಬೇಕು, ಕೀಲು ಸಡಿಲವಾಗಿ ಅಲುಗಬೇಕು, ಚಾಕು ತಡೆಯಿಲ್ಲದೆ ಇಳಿಯಬೇಕು. ಅನುಮಾನವಿದ್ದರೆ ಇನ್ನೂ ಹತ್ತು ನಿಮಿಷ. ಕಾಲಿಗೆ ಅದರಿಂದ ನಷ್ಟವಿಲ್ಲ.

ಹೊರತೆಗೆದ ಮೇಲೆ ಐದು ನಿಮಿಷ ಬಿಟ್ಟು ಬಡಿಸಿ. ಉಳಿದದ್ದನ್ನು ಎರಡು ತಾಸಿನೊಳಗೆ ಫ್ರಿಜ್ಜಿಗೆ ಸೇರಿಸಿ.

ಮೈಕೊರೆಯುವ ಶೈತ್ಯದ ಸಂಶೋಧಕರ ಕೊರಗು

ಆಕ್ಸ್‌ಫರ್ಡ್‌ನ ಭೌತವಿಜ್ಞಾನಿ ನಿಕೊಲಸ್ ಕುರ್ಟಿ ಅತ್ಯಂತ ಕಡಿಮೆ ತಾಪದ ಪ್ರಯೋಗಗಳಿಗೆ ಹೆಸರಾದವರು. 1956ರಲ್ಲಿ ಅವರ ತಂಡ ಕೆಲ್ವಿನ್‌ನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಕೆಳಗಿನ ತಾಪವನ್ನು ಸಾಧಿಸಿತ್ತು. ಇವರಿಗೆ ಅಡುಗೆಯ ಹುಚ್ಚು. 1969ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅಡುಗೆಮನೆಯಲ್ಲಿ ಭೌತವಿಜ್ಞಾನಿ ಎಂಬ ವಿಷಯದ ಮೇಲೆ ಉಪನ್ಯಾಸ ನೀಡಿದರು. ಶುಕ್ರಗ್ರಹದ ವಾತಾವರಣದ ತಾಪವನ್ನು ಅಳೆಯುವ ಜನಕ್ಕೆ ಸ್ವಂತ ಒಲೆಯಲ್ಲಿರುವ ತಿಂಡಿಯೊಳಗೆ ಏನಾಗುತ್ತಿದೆ ಎಂಬುದು ತಿಳಿಯದು ಎಂಬುದು ಅವರ ಕೊರಗಾಗಿತ್ತು.

ಆ ಮನೆಯ ಮುಂದಿನ ಭಾನುವಾರಕ್ಕೆ ಬರೋಣ. ಕಡ್ಡಿ ಚುಚ್ಚುವ ಕೆಲಸ ಈ ಬಾರಿ ತಾಯಿಯದು. 81, 84, 82. ತಂಗಿ ಮುರಿದು ನೋಡುತ್ತಾಳೆ. ಮೂಳೆಯ ಬಳಿ ಕೆಂಪು ಇದ್ದೇ ಇದೆ. ಒಂದು ಕ್ಷಣ ಅಳುಕುತ್ತಾಳೆ. ತಾಯಿ ಅಂಕಿಯನ್ನು ಇನ್ನೊಮ್ಮೆ ತೋರಿಸಿ, "ತಿನ್ನೇ, ಬೆಂದಿದೆ" ಎನ್ನುತ್ತಾರೆ. ಈ ಸಲ ಅದು ಅಂದಾಜಿನ ಮಾತಲ್ಲ.